ಬಸವನಬೆಟ್ಟದ ತಪ್ಪಲಿನಲ್ಲಿ ಮೇಕೆ, ಕುರಿ ಸಾಕಣೆ: ಮೈಸೂರಿನಲ್ಲಿದ್ದುಕೊಂಡು ನಡೆಸಲು ಸಾಧ್ಯವೇ?

ಪ್ರಶ್ನೆ: ಹಲಗೂರಿನ ಅಳಿಯ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಖಾಸಗಿ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಹುಟ್ಟಿದ್ದು ಪಾಂಡವಪುರದ ಕಡೆಯ ನಾಲೆ ಬಯಲಿನಲ್ಲಿ. ಕಬ್ಬು, ಭತ್ತ ಗೊತ್ತೇ ಹೊರತು ಬೆಟ್ಟದ ಬೇಸಾಯದ ಪರಿಚಯ ಇರಲಿಲ್ಲ. ನನ್ನ ಹೆಂಡತಿಯ ಸೋದರಮಾವನವರ ಊರು ಮಳವಳ್ಳಿ ತಾಲ್ಲೂಕಿನಲ್ಲಿ, ಹಲಗೂರಿನಿಂದ ಮುತ್ತತ್ತಿಗೆ ಹೋಗುವ ಹಾದಿಯಿಂದ ಒಳಗೆ, ಬಸವನಬೆಟ್ಟದ ಕಾಡಿಗೆ ಒತ್ತಿಕೊಂಡಿದೆ. ಮಂಡ್ಯ ಜಿಲ್ಲೆಯೆಂದರೆ ಹಸಿರು ಗದ್ದೆ ಎಂದುಕೊಂಡವರು ಆ ಕಡೆಯನ್ನು ನೋಡಬೇಕು. ಕುರುಚಲು ಗುಡ್ಡ, ಬಂಡೆ, ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳ, ದಿನಕ್ಕೆ ಎರಡು ಹೊತ್ತು ಬರುವ ಬಸ್ಸು.

ಕಳೆದ ಮಾಘಮಾಸದಲ್ಲಿ ಮಾವನವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಅವರ ಗಂಡುಮಕ್ಕಳಿಬ್ಬರೂ ಬೆಂಗಳೂರಿನಲ್ಲಿರುವುದರಿಂದ ನಾನು ರಜೆ ಹಾಕಿ ಹತ್ತು ದಿನ ಅಲ್ಲಿ ಉಳಿದು, ಅವರ ಇಪ್ಪತ್ತಮೂರು ಮೇಕೆಗಳನ್ನೂ ಎರಡು ಹಳ್ಳಿಕಾರ್ ಹಸುಗಳನ್ನೂ ನೋಡಿಕೊಂಡೆ. ಐದನೆಯ ದಿನ ಸಂಜೆ ಮಂದೆ ಹಿಂದಿರುಗಿದಾಗ ನಾನು ಎಣಿಸಿ, ಇಪ್ಪತ್ತಮೂರು ಸರಿಯಾಗಿದೆ ಎಂದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕುಳಿತಿದ್ದ ಮಾವನವರು, ಕಿವಿ ಹರಿದವಳ ಗಂಟೆ ಕೇಳಿಸಲಿಲ್ಲವಲ್ಲ ಎಂದರು. ನೋಡಿದರೆ ಪಕ್ಕದ ಮನೆಯ ಮೇಕೆಯೊಂದು ನಮ್ಮದರ ಜೊತೆ ಬಂದಿತ್ತು. ನಮ್ಮದು ಕಾಡಂಚಿನಲ್ಲಿ ಉಳಿದಿತ್ತು. ಟಾರ್ಚು ಹಿಡಿದು ಹೋದಾಗ ರಾತ್ರಿ ಒಂಬತ್ತಾಗಿತ್ತು. ಒಂದು ಕಾರೆ ಗಿಡದ ಬುಡದಲ್ಲಿ ಅದು ಈದು ನಿಂತಿತ್ತು. ಒಂದು ಮರಿ ಎದ್ದು ಮೊಲೆ ಹುಡುಕುತ್ತಿತ್ತು, ಇನ್ನೊಂದರ ಮೈ ಇನ್ನೂ ಆರಿರಲಿಲ್ಲ. ಎರಡನ್ನೂ ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಂದೆ. ಆ ರಾತ್ರಿಯ ನಂತರ ಮೈಸೂರಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂದರೆ ನಗಬೇಡಿ.

ಮಾವನವರು ನಾಲ್ಕು ಎಕರೆ ಖುಷ್ಕಿ ಜಮೀನನ್ನೂ ಕೊಟ್ಟಿಗೆಯನ್ನೂ ನನಗೆ ಬಿಟ್ಟುಕೊಡಲು ಸಿದ್ಧರಿದ್ದಾರೆ. ಸಂಬಳಕ್ಕೆ ಒಬ್ಬ ಆಳನ್ನು ಇಟ್ಟು, ನಾನು ಶನಿವಾರ ಭಾನುವಾರ ಹೋಗಿ ನೋಡಿಕೊಂಡು, ಐವತ್ತು ಮೇಕೆ ಅಥವಾ ಕುರಿಗಳವರೆಗೆ ಬೆಳೆಸಬಹುದೇ? ಹೆಸರುವಾಸಿಯಾದ ಬಂಡೂರು ಕುರಿ ತರಬೇಕೆಂಬ ಆಸೆಯೂ ಇದೆ. ಚಿರತೆಯ ಕಾಟ, ಮೇವು, ಕಾಡಿನಲ್ಲಿ ಮೇಯಿಸುವುದರ ಕಾನೂನು, ಇವುಗಳ ಬಗ್ಗೆ ಅನುಭವಸ್ಥರು ದಯವಿಟ್ಟು ತಿಳಿಸಿ. ಬರಿಯ ಲಾಭದ ಲೆಕ್ಕ ಕೊಡುವ ವಿಡಿಯೊಗಳನ್ನು ಸಾಕಷ್ಟು ನೋಡಿದ್ದೇನೆ.

ಉತ್ತರ 1: ನಿವೃತ್ತ ಪರೀಕ್ಷಕ (ಮಂಡ್ಯ)

ನಾನು ಹಿರಿಯ ಪಶುವೈದ್ಯ ಪರೀಕ್ಷಕನಾಗಿ ಮಳವಳ್ಳಿ, ಕೊಳ್ಳೇಗಾಲ, ಹೆಗ್ಗಡದೇವನಕೋಟೆಗಳಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ತಾವು ಕೇಳಿದ್ದರಲ್ಲಿ ಸುಲಭವಾದುದನ್ನು ಮೊದಲು ಮುಗಿಸುತ್ತೇನೆ.

ಬಂಡೂರು ಕುರಿಯ ತವರು ತಮ್ಮ ಮಾವನವರ ತಾಲ್ಲೂಕೇ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರನ್ನು ಅದು ಹೊತ್ತಿದೆ. ಸರ್ಕಾರಿ ದಾಖಲೆಯಲ್ಲಿ ಅದರ ಹೆಸರು ಮಂಡ್ಯ ತಳಿ. ಅದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ, ಒಮ್ಮೆ ಹೋಗಿ ಕಣ್ಣಾರೆ ನೋಡಿ. ಒಳ್ಳೆಯ ಬಂಡೂರು ಟಗರನ್ನು ಹಿಂದಿನಿಂದ ನೋಡಿದರೆ ತೊಡೆಗಳ ನಡುವಿನ ಆಕಾರ ತಲೆಕೆಳಗಾಗಿ ಹಿಡಿದ ಲಾಳದಂತೆ ಕಾಣುತ್ತದೆ. ಕಾಲು ಗಿಡ್ಡ, ಮೈ ನೆಲಕ್ಕೆ ಹತ್ತಿರ, ಮಾಂಸಕ್ಕೆ ಅದಕ್ಕೆ ಸಮ ಇನ್ನೊಂದಿಲ್ಲವೆಂದು ನಮ್ಮ ಕಡೆಯವರ ನಂಬಿಕೆ. ಆದರೆ ಅದು ಗುಡ್ಡ ಹತ್ತಿ ಮೇಯುವ ಜೀವವಲ್ಲ. ಮನೆಯ ಮುಂದೆ ಐದೋ ಹತ್ತೋ ಕಟ್ಟಿಕೊಂಡು, ಕೈತಿಂಡಿ ಹಾಕಿ ಸಾಕುವ ಕುರಿ. ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಕೊರಳಿನಲ್ಲಿ ಜೋಲು ಇದ್ದ ಮಾತ್ರಕ್ಕೆ ಬಂಡೂರು ಎಂದು ನಂಬಿ ಸಂತೆಯಲ್ಲಿ ದುಡ್ಡು ಸುರಿದವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಬಸವನಬೆಟ್ಟದ ಕುರುಚಲಿಗೆ ನಾಡ ಮೇಕೆಯೇ ಸರಿ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಮಾತು ಇಂಥ ನೆಲವನ್ನು ನೋಡಿಯೇ ಹುಟ್ಟಿರಬೇಕು.

ಹಳ್ಳಿಕಾರ್ ಹಸುಗಳನ್ನು ಮಾರಬೇಡಿ. ಹಾಲು ಮನೆಮಟ್ಟಿಗಷ್ಟೇ, ಡೇರಿಗೆ ಹಾಕುವಷ್ಟು ಬರುವುದಿಲ್ಲ. ಆದರೂ ಹೋರಿಗರು ಚೆನ್ನಾಗಿ ಬೆಳೆದರೆ ಮುಡುಕುತೊರೆ, ಬೇಬಿ ಬೆಟ್ಟ, ಚುಂಚನಕಟ್ಟೆಯ ಜಾತ್ರೆಗಳಲ್ಲಿ ಇಂದಿಗೂ ಕೈತುಂಬ ಬೆಲೆ ಇದೆ. ಹೆಚ್ಚು ಹಾಲಿನ ಆಸೆಗೆ ಸೀಮೆ ಹಸು ಒಯ್ದರೆ ಕಾಡಿನ ಉಣುಗು ಹತ್ತಿ, ಉಣುಗಿನಿಂದ ಬರುವ ಜ್ವರಕ್ಕೆ ಮೊದಲು ಮಲಗುವುದು ಅದೇ.

ಮೇವಿನ ಲೆಕ್ಕ ಹೀಗಿದೆ. ದೊಡ್ಡ ಮೇಕೆಯೊಂದಕ್ಕೆ ದಿನಕ್ಕೆ ಒಂದು ಕಿಲೋದಷ್ಟು ಒಣ ಮೇವಿಗೆ ಸಮನಾದ ಆಹಾರ ಬೇಕು. ಮಾಘ ಕಳೆದ ಮೇಲೆ ಮುಂಗಾರು ಹಿಡಿಯುವವರೆಗೆ ಗುಡ್ಡದಲ್ಲಿ ಸಿಗುವುದು ಕಡಿಮೆ. ಆ 120 ದಿನಕ್ಕೆ ಮೂವತ್ತು ಮೇಕೆಗೆ 3,600 ಕಿಲೋ ಆಯಿತು. ಅರ್ಧದಷ್ಟನ್ನು ಅವು ಅಲೆದು ತಿಂದರೂ ಉಳಿದರ್ಧ ಕೊಟ್ಟಿಗೆಯಲ್ಲಿರಬೇಕು. ಹುರುಳಿ ಹೊಟ್ಟು, ತೊಗರಿ ಹೊಟ್ಟು, ಅವರೆ ಹೊಟ್ಟನ್ನು ಸುಗ್ಗಿಯಲ್ಲೇ ಕೊಂಡು ತುಂಬಿ. ಹಸುಗಳಿಗೆ ರಾಗಿ ಹುಲ್ಲಿನ ಮೆದೆ ಬೇರೆ. ಬೇಲಿಯುದ್ದಕ್ಕೂ ಗೊಬ್ಬರದ ಗಿಡ, ಅಗಸೆ, ಸುಬಾಬುಲ್ ನೆಡಿ; ಸುಬಾಬುಲ್ ಸೊಪ್ಪು ಮಾತ್ರ ಒಟ್ಟು ಮೇವಿನ ಮೂರನೆಯ ಒಂದು ಭಾಗ ಮೀರಬಾರದು, ಮೀರಿದರೆ ಕೂದಲು ಉದುರುತ್ತದೆ. ಬೇಸಿಗೆಯಲ್ಲಿ ಬೇರೇನೂ ಸಿಗದೆ ಹಸು ಲಂಟಾನ ಮೇಯ್ದರೆ ಯಕೃತ್ತು ಕೆಡುತ್ತದೆ: ಮೇವು ಬಿಡುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲು ಬಿದ್ದಲ್ಲಿ ಚರ್ಮ ಒಡೆಯುತ್ತದೆ. ಅಂಥದ್ದನ್ನು ಮೊದಲು ನೆರಳಿಗೆ ಕಟ್ಟಿ, ಆಮೇಲೆ ಫೋನು ಮಾಡಿ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರಿಗೆ ದನ ನುಗ್ಗದಂತೆ ನೋಡಿ. ಫೋನು ಮಾಡುವಷ್ಟು ಸಮಯವನ್ನೂ ಅದು ಕೊಡುವುದಿಲ್ಲ.

ಮುಂಗಾರಿನ ಮೊದಲ ಎಳೆ ಹುಲ್ಲಿಗೆ ಕರುಳುಬೇನೆ ಬರುತ್ತದೆ. ಸಾಯುವುದು ಬಡಕಲು ಮರಿಯಲ್ಲ, ದುಂಡಗೆ ಮೈತುಂಬಿದ್ದು. ಸಂಜೆ ಕುಣಿಯುತ್ತಿದ್ದ ಮರಿ ಬೆಳಿಗ್ಗೆ ಕಾಲು ಚಾಚಿರುತ್ತದೆ. ಅದರ ಲಸಿಕೆ ಮಳೆಗೆ ಮೊದಲೇ ಆಗಬೇಕು. ಕುರಿ ಮೇಕೆಗಳಲ್ಲಿ ಹರಡುವ ಪಿಪಿಆರ್ ಎಂಬ ಮಾರಕ ರೋಗಕ್ಕೆ ಲಸಿಕೆ ಒಮ್ಮೆ ಹಾಕಿದರೆ ಸುಮಾರು ಮೂರು ವರ್ಷ ಕಾಯುತ್ತದೆ. ಹಸುಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬಾರದು. 2013ರಲ್ಲಿ ನಮ್ಮ ಕಡೆಯ ಜಿಲ್ಲೆಗಳಲ್ಲಿ ಆ ಜ್ವರ ಹಬ್ಬಿದಾಗಲೂ, 2022ರಲ್ಲಿ ಚರ್ಮಗಂಟು ರೋಗ ಬಂದಾಗಲೂ, ಕಾಡಂಚಿನ ಊರುಗಳಿಗೆ ನಾವು ತಲುಪಿದ್ದು ಕೊನೆಗೇ ಎಂದು ಒಪ್ಪಿಕೊಳ್ಳುತ್ತೇನೆ. ಲಸಿಕೆ ಮಂಜುಗಡ್ಡೆಯ ಡಬ್ಬಿಯಲ್ಲೇ ಇರಬೇಕು. ಮಂಜು ಕರಗುವುದರೊಳಗೆ ಊರು ಸಿಕ್ಕಬೇಕು.

ಬೆಟ್ಟದ ಕಷ್ಟ ಯಾವುದೆಂದು ಕೇಳಿದರೆ ನಾನು ಹುಲಿ ಚಿರತೆ ಎನ್ನುವುದಿಲ್ಲ, ದೂರ ಎನ್ನುತ್ತೇನೆ. ಕೊಳ್ಳೇಗಾಲದ ಆಚೆ ಒಂದು ಊರಿನಲ್ಲಿ ಚೊಚ್ಚಲು ಹಸು ಮಧ್ಯಾಹ್ನದಿಂದ ತಿಣುಕುತ್ತಿದೆಯೆಂದು ಸಂಜೆ ಸುದ್ದಿ ಬಂತು. ಜೀಪು ಹಳ್ಳದವರೆಗೆ ಹೋಯಿತು, ಅಲ್ಲಿಂದ ಎರಡು ಗಂಟೆ ನಡಿಗೆ. ಹೋಗಿ ಕೈ ಹಾಕಿ ನೋಡಿದರೆ ಕರುವಿನ ಮುಂಗಾಲೊಂದು ಹಿಂದಕ್ಕೆ ಮಡಚಿತ್ತು. ಅದನ್ನು ತಿರುಗಿಸಿ ಹೊರತೆಗೆಯುವುದು ಹತ್ತು ನಿಮಿಷದ ಕೆಲಸ. ಹಸು ಉಳಿಯಿತು, ಕರು ಉಳಿಯಲಿಲ್ಲ. ಅಷ್ಟು ಹೊತ್ತೂ ಲಾಟೀನು ಹಿಡಿದು ನಿಂತಿದ್ದ ಆ ಮನೆಯ ತಾಯಿ ಒಂದು ಮಾತೂ ಆಡದೆ ಕೈ ತೊಳೆಯಲು ಬಿಸಿನೀರು ತಂದಿಟ್ಟು, ಮುದ್ದೆ, ಹುರುಳಿ ಸಾರು ಬಡಿಸಿದರು. ಮಂಡ್ಯದ ಬಯಲಿನಲ್ಲಾಗಿದ್ದರೆ ಅದು ಬದುಕುವ ಕರು. ಈಗ 1962 ಸಂಖ್ಯೆಗೆ ಕರೆ ಮಾಡಿದರೆ ಪಶು ಚಿಕಿತ್ಸೆಯ ಸಂಚಾರಿ ವಾಹನ ಬರುತ್ತದೆ, ನಿಜ. ಆದರೆ ಕರೆ ಮಾಡಲು ಸಿಗ್ನಲ್ ಸಿಗುವ ಬಂಡೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಕಾನೂನಿನ ವಿಷಯ. ಆ ಸೀಮೆಯಲ್ಲಿ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗಿನ ಮೇಯಿಸುವಿಕೆಯನ್ನು ನಿಯಂತ್ರಿಸುವ ಅಧಿಕಾರ ಮುಖ್ಯ ವನ್ಯಜೀವಿ ಪಾಲಕರದು; ಲಸಿಕೆ ಹಾಕಿಸದ ಜಾನುವಾರನ್ನು ಒಳಗೆ ಮೇಯಲು ಬಿಡುವಂತಿಲ್ಲ, ಧಾಮದಿಂದ ಐದು ಕಿಲೋಮೀಟರಿನೊಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಹೊಣೆಯನ್ನೂ ಕಾಯ್ದೆ ಹೊರಿಸಿದೆ. ಮಾವನವರು ಇಷ್ಟು ದಿನ ಎಲ್ಲಿ ಮೇಯಿಸಿದರೋ ಅದು ಗೋಮಾಳವೋ, ಕಾಯ್ದಿಟ್ಟ ಅರಣ್ಯವೋ, ಧಾಮವೋ ಎಂದು ಪಹಣಿ, ನಕ್ಷೆ ಹಿಡಿದು ನೋಡಿ. ಐವತ್ತರ ಮಂದೆ ಕಟ್ಟಿದ ಮೇಲೆ ನೋಡಿದರೆ ತಡವಾಗುತ್ತದೆ.

ಉತ್ತರ 2: ಲೆಕ್ಕ ತಪ್ಪಿದವನು (ಮೈಸೂರು)

ತಾವು ಕೇಳಿದ ಏರ್ಪಾಟನ್ನೇ ನಾನು ಸರಗೂರಿನ ಆಚೆ ಎರಡು ವರ್ಷ ನಡೆಸಿ ಮುಗಿಸಿದ್ದೇನೆ. ನಲವತ್ತು ಮೇಕೆ, ಒಬ್ಬ ಆಳು, ವಾರಕ್ಕೊಮ್ಮೆ ನಾನು. ಮೊದಲನೆಯ ತಪ್ಪು, ಒಂದೇ ದಿನ ಎರಡು ಸಂತೆಗಳಲ್ಲಿ ನಲವತ್ತನ್ನೂ ಕೊಂಡು ಒಂದೇ ಕೊಟ್ಟಿಗೆಗೆ ತುಂಬಿದ್ದು. ಹೊಸದಾಗಿ ತಂದದ್ದನ್ನು ಮೂರು ವಾರವಾದರೂ ಬೇರೆ ಕಟ್ಟಬೇಕು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ. ಹತ್ತನೆಯ ದಿನ ಒಂದರ ಮೂಗು ಸುರಿಯಿತು, ತಿಂಗಳು ತುಂಬುವುದರೊಳಗೆ ಪಿಪಿಆರ್ ಹದಿನೇಳನ್ನು ಒಯ್ದಿತು.

ಆಳು ಒಳ್ಳೆಯವನೇ, ಕಳ್ಳನಲ್ಲ. ಆದರೆ ಮರಿಯೊಂದು ಹಾಲು ಕುಡಿಯಲಿಲ್ಲವೆಂದು ರಾತ್ರಿ ಎರಡು ಗಂಟೆಗೆ ಎದ್ದು ನೋಡುವುದಕ್ಕೆ ನಾನು ಅವನಿಗೆ ಸಂಬಳ ಕೊಡುತ್ತಿರಲಿಲ್ಲ. ಕೊಟ್ಟರೂ ಎದ್ದೇಳುತ್ತಾರೆ ಎನ್ನುವಂತಿಲ್ಲ. ದೀಪಾವಳಿಗೆಂದು ಊರಿಗೆ ಹೋದವನು ಹಿಂದಿರುಗಲಿಲ್ಲ. ಆಮೇಲೊಂದು ರಾತ್ರಿ ಚಿರತೆ ಗೋಡೆಗೂ ಸೂರಿಗೂ ನಡುವಿನ ಸಂದಿನಿಂದ ಇಳಿಯಿತು. ತಿಂದದ್ದು ಒಂದು, ಕೊಂದದ್ದು ಆರು. ಸುತ್ತ ಸರಪಳಿ ಜಾಲರಿ ಹಾಕಿಸಿದ್ದ ನಾನು ಮೇಲೆ ಹಾಕಿಸಿರಲಿಲ್ಲ. ಉಳಿದವನ್ನು ಹೊಸತೊಡಕಿನ ವಾರ ಮಾರಿದೆ. ಆ ಒಂದು ವಾರ ಮಾತ್ರ ಬೆಲೆ ಚೆನ್ನಾಗಿತ್ತು.

ಉತ್ತರ 3: ದೊಡ್ಡಿಯ ಮಗಳು (ಮೈಸೂರು)

ನಾನು ಮಹದೇಶ್ವರ ಬೆಟ್ಟದ ಸೀಮೆಯವಳು, ಈಗ ಮೈಸೂರಿನಲ್ಲಿ ಶಾಲಾ ಶಿಕ್ಷಕಿ. ಪ್ರಶ್ನೆಯನ್ನು ಎರಡು ಸಲ ಓದಿದೆ. ಮಾವನವರ ಕಣ್ಣು, ಮೇಕೆಯ ಕಿವಿ, ಟಾರ್ಚು, ಟವೆಲು ಎಲ್ಲವೂ ಇದೆ. ಮಾವನವರಿಗೆ ಹೆಂಡತಿ ಇರಬೇಕಲ್ಲವೇ? ಆ ಹತ್ತು ದಿನ ಬೆಳಿಗ್ಗೆ ಸಗಣಿ ಬಾಚಿದವರು ಯಾರು, ಹಸು ಕರೆದವರು ಯಾರು, ಮೇಕೆ ಹಿಕ್ಕೆ ಗುಡಿಸಿದವರು ಯಾರು, ನೀವು ಎದೆಗೆ ಅವಚಿಕೊಂಡು ತಂದ ಮರಿಗಳನ್ನು ಆಮೇಲೆ ಬೆಚ್ಚಗಿಟ್ಟವರು ಯಾರು? ಒಂದು ಸಾಲಿನಲ್ಲಾದರೂ ಅವರ ಹೆಸರೆತ್ತಬಹುದಿತ್ತು. ಕಟುವಾಗಿದ್ದರೆ ಕ್ಷಮಿಸಿ, ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಎಂದು ನನಗೆ ತೋರುತ್ತದೆ.

ನಮ್ಮ ಕಡೆ ದೊಡ್ಡಿ ಎಂದರೆ ಕಾಡೊಳಗೆ ಮುಳ್ಳು ಕಡಿದು ಸುತ್ತಲೂ ಒಟ್ಟಿ, ನಾಲ್ಕಾರು ಮನೆಯ ದನಗಳನ್ನು ರಾತ್ರಿ ಕೂಡಿಹಾಕುವ ಜಾಗ. ನಾನು ಚಿಕ್ಕವಳಿದ್ದಾಗ ನಮ್ಮ ದೊಡ್ಡಿಯಲ್ಲಿ ಅರವತ್ತಕ್ಕೂ ಹೆಚ್ಚು ದನವಿತ್ತು. ಅಪ್ಪ, ದೊಡ್ಡಪ್ಪ ಸರದಿಯಲ್ಲಿ ಅಲ್ಲೇ ಬೆಂಕಿ ಹಾಕಿಕೊಂಡು ಮಲಗುತ್ತಿದ್ದರು. ಅವ್ವ ಬೆಳಿಗ್ಗೆ ರಾಗಿ ರೊಟ್ಟಿ ಕಟ್ಟಿಕೊಂಡು ಮೂರು ಮೈಲಿ ನಡೆದು ಹೋಗಿ, ಸಗಣಿ ಕೂಡಿಟ್ಟು, ಬರುವಾಗ ಸೌದೆ ಹೊತ್ತು ತರುತ್ತಿದ್ದಳು. ಹಾಲಿನಿಂದ ಬಂದ ಆದಾಯ ಅಷ್ಟಕ್ಕಷ್ಟೆ, ಏಕೆಂದರೆ ಬೆಟ್ಟದ ಹಸು ಕರುವಿಗೆ ಬಿಟ್ಟು ಮಿಕ್ಕಿದ್ದನ್ನು ಕೊಡುತ್ತದೆ. ನಮ್ಮನ್ನು ಸಾಕಿದ್ದು ಸಗಣಿ. ಬೇಸಿಗೆಯಲ್ಲಿ ಲಾರಿ ಬಂದು ಒಣಗಿದ ಗೊಬ್ಬರವನ್ನು ತುಂಬಿಕೊಂಡು ಹೋಗುತ್ತಿತ್ತು. ಬಂಡೀಪುರದ ಅಂಚಿನ ಊರುಗಳಿಂದಲೂ ಹೀಗೆಯೇ ಕೇರಳದ ಮತ್ತು ಕೊಡಗಿನ ತೋಟಗಳಿಗೆ ಸಗಣಿ ಹೋಗುತ್ತಿತ್ತು. ಕಾಡಿನ ಹುಲ್ಲು ದನದ ಹೊಟ್ಟೆಯಲ್ಲಿ ಗೊಬ್ಬರವಾಗಿ ಯಾರದೋ ಕಾಫಿ ಗಿಡದ ಬುಡ ಸೇರುತ್ತದೆ, ಕಾಡಿಗೆ ಹಿಂದಿರುಗುವುದಿಲ್ಲ ಎಂದು ಅರಣ್ಯದವರು ಆಕ್ಷೇಪಿಸಿದರೆ ಅದರಲ್ಲಿ ನ್ಯಾಯವಿದೆ. ಆದರೆ ಆ ಲಾರಿಯ ದುಡ್ಡಿನಲ್ಲೇ ನಾನು ಕೊಳ್ಳೇಗಾಲದ ಹಾಸ್ಟೆಲಿನಲ್ಲಿ ಓದಿದ್ದು.

ಹುಲಿಯ ವಿಚಾರಕ್ಕೆ ಬರುತ್ತೇನೆ; ಪರೀಕ್ಷಕರು ಅದನ್ನು ಸಣ್ಣದು ಮಾಡಿದ್ದು ನನಗೆ ಅಷ್ಟು ಸರಿ ಕಾಣಲಿಲ್ಲ. 2025ರ ಜೂನ್ ತಿಂಗಳಲ್ಲಿ ನಮ್ಮ ಬೆಟ್ಟದ ಹೂಗ್ಯಂ ವಲಯದಲ್ಲಿ, ವಿಷವಿಕ್ಕಿದ ಹಸುವಿನ ಕಳೇಬರ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಮಾದಪ್ಪ ಹುಲಿಯ ಮೇಲೆ ಕುಳಿತ ದೇವರು. ನಮ್ಮಲ್ಲಿ ಆ ಸುದ್ದಿ ಕೇಳಿದ ಮುದುಕರು ಊಟ ಬಿಟ್ಟರು. ವಿಷವಿಟ್ಟದ್ದನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸುವುದಿಲ್ಲ. ಆದರೆ ನಮ್ಮ ಗಬ್ಬದ ಹಸುವೊಂದನ್ನು ಹುಲಿ ಹಿಡಿದ ವರ್ಷ ಅಪ್ಪ ಪರಿಹಾರಕ್ಕೆಂದು ಒಂದು ಕಚೇರಿಗೆ ಏಳು ಸಲ ಅಲೆದದ್ದು ನನಗೆ ನೆನಪಿದೆ. ಫೋಟೊ ಇಲ್ಲ ಎಂದರು, ಕಳೇಬರ ಕದಲಿಸಿದ್ದೀರಿ ಎಂದರು, ಪಶುವೈದ್ಯರ ಕಾಗದ ತಡವಾಯಿತು ಎಂದರು. ಆದ್ದರಿಂದ ನಿಮಗೆ ಹೇಳುತ್ತೇನೆ: ಏನಾದರೂ ಆದರೆ ಕಳೇಬರವನ್ನು ಇದ್ದಲ್ಲೇ ಬಿಟ್ಟು, ಅದೇ ದಿನ ಅರಣ್ಯ ಇಲಾಖೆಗೆ ತಿಳಿಸಿ, ಫೋಟೊ ತೆಗೆದು, ಪಶುವೈದ್ಯರ ದೃಢೀಕರಣ ಪಡೆಯಿರಿ. ರೋಗದಿಂದಲೋ ಅಪಘಾತದಿಂದಲೋ ಸತ್ತ ಕುರಿ ಮೇಕೆಗೆ ಪರಿಹಾರ ಕೊಡುವ ಸರ್ಕಾರದ ಅನುಗ್ರಹ ಯೋಜನೆ ಬೇರೆ ಇದೆ, ಅದರ ಅರ್ಜಿ ಪಶು ಆಸ್ಪತ್ರೆಯಲ್ಲಿ.

ಇಷ್ಟೆಲ್ಲ ಇದ್ದೂ ನಿಮ್ಮ ಮನಸ್ಸು ಮೈಸೂರಿನಲ್ಲಿ ನಿಲ್ಲುತ್ತಿಲ್ಲ ಎಂದರೆ ನಾನು ನಗುವವಳಲ್ಲ. ಅಪ್ಪನನ್ನು ಎರಡು ಸಲ ಇಲ್ಲಿಗೆ ಕರೆತಂದೆ. ಮೂರನೆಯ ದಿನಕ್ಕೆ, ಸಂಜೆ ಆರು ಗಂಟೆಗೆ ಏನೂ ಕೆಲಸವಿಲ್ಲದೆ ಬಾಗಿಲಲ್ಲಿ ನಿಂತು ರಸ್ತೆ ನೋಡತೊಡಗುತ್ತಾನೆ. ಯಾರು ಬರಬೇಕಪ್ಪ ಎಂದರೆ, ಯಾರೂ ಇಲ್ಲ ಎನ್ನುತ್ತಾನೆ. ಬಸ್ಸು ಹತ್ತಿಸಿ ಕಳಿಸಿದ್ದೇನೆ. ಈಗ ಅವನ ಬಳಿ ಉಳಿದಿರುವುದು ಒಂಬತ್ತು ದನ, ಅವೂ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ. ದೊಡ್ಡಿಯಲ್ಲಿ ಮಲಗುವವರು ಯಾರೂ ಇಲ್ಲ. ದೊಡ್ಡಿಯ ಮನೆಗೆ ಹೆಣ್ಣು ಕೊಡುವವರೂ ಇಲ್ಲ; ನನ್ನ ತಮ್ಮ ಹೊಸೂರಿನ ಕಾರ್ಖಾನೆ ಸೇರಿದ ಮೇಲೆಯೇ ಅವನಿಗೆ ಮದುವೆಯಾದದ್ದು.

ಅತ್ತೆಯವರನ್ನು ಕೇಳಿ. ಅವರು ಒಪ್ಪಿದರೆ ಎಷ್ಟು ಎಂದು ಅವರೇ ಹೇಳಲಿ.

ನಿವೃತ್ತ ಪರೀಕ್ಷಕ (ಮಂಡ್ಯ)

ತಾಯಿ, ತಮ್ಮ ಆಕ್ಷೇಪಣೆಯನ್ನು ಒಪ್ಪಿದೆ. ಮೂವತ್ತೊಂದು ವರ್ಷ ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಮಾಲೀಕರು ಎಂಬ ಕಡೆ ನಾನು ಬರೆದದ್ದೆಲ್ಲ ಗಂಡಸರ ಹೆಸರು. ಯಾವ ಹಸು ಯಾವಾಗ ಬೆದೆಗೆ ಬಂತು ಎಂದು ಕೇಳಿದರೆ ಅವರು ಒಳಗೆ ತಿರುಗಿ ಹೆಂಗಸರನ್ನು ಕೂಗುತ್ತಿದ್ದರು. ಚಿರತೆಯ ಬಗ್ಗೆ ಒಂದು ಸೇರ್ಪಡೆ: ಜಾಲರಿ ಮೇಲೆಯೂ ಇರಬೇಕು ಎಂದು ಮೇಲೆ ಬರೆದವರ ಮಾತು ಬಹಳ ಸರಿ. ಬುಡದಲ್ಲಿಯೂ ಒಂದಡಿ ಮಣ್ಣಿನೊಳಗೆ ಹೂಳಿ, ನಾಯಿ ಕೆರೆದು ನುಗ್ಗದಂತೆ.

ಹಲಗೂರಿನ ಅಳಿಯ (ಮೈಸೂರು)

ಉತ್ತರಿಸಿದ ಎಲ್ಲರಿಗೂ ಕೃತಜ್ಞ. ಮೂರು ವಾರ ಸುಮ್ಮನಿದ್ದುದಕ್ಕೆ ಕಾರಣ, ದೊಡ್ಡಿಯ ಮಗಳು ಅವರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಹೆಂಡತಿಗೆ ಓದಿ ತೋರಿಸಿದೆ. ಅವಳು ಎರಡು ದಿನ ನಕ್ಕಳು. ನಾನು ನೋಡಿಕೊಂಡೆ ಎಂದು ಬರೆದ ಆ ಹತ್ತು ದಿನ ನಾಲ್ಕೂವರೆಗೆ ಎದ್ದು ಹಸು ಕರೆದವರು ಅತ್ತೆ, ಗಂಜಲ ಬಳಿದವರು ಅತ್ತೆ, ಕಲಗಚ್ಚಿನ ಬಾನಿ ತುಂಬಿಸಿದವರು ಅತ್ತೆ. ಎರಡನೆಯ ಮರಿ ಮೊಲೆ ಹಿಡಿಯದಿದ್ದಾಗ ರಾತ್ರಿಯಿಡೀ ಒಲೆಯ ಪಕ್ಕ ಗೋಣಿಚೀಲದ ಮೇಲಿಟ್ಟುಕೊಂಡು, ಗಿಣ್ಣಿನ ಹಾಲನ್ನು ಬಟ್ಟೆಯ ಬತ್ತಿಯಲ್ಲಿ ನೆನೆಸಿ ಬಾಯಿಗಿಟ್ಟವರೂ ಅವರೇ. ನಾನು ಆಗ ಮಲಗಿದ್ದೆ.

ಹೋದ ಭಾನುವಾರ ಊರಿಗೆ ಹೋಗಿ ಅತ್ತೆಯವರನ್ನೇ ಕೇಳಿದೆ. ಮಾವನವರು ಜಗಲಿಯಿಂದ ಐವತ್ತಾದರೂ ಸಾಕಬಹುದು ಎಂದರು. ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ, ಐವತ್ತಕ್ಕೆ ನೀರು ಹೊರುವವರನ್ನೂ ನಿಮ್ಮ ಮೈಸೂರಿನಿಂದಲೇ ಕರೆತನ್ನಿ ಎಂದರು. ಕೊಟ್ಟಿಗೆಗೂ ಬೋರಿನ ತೊಟ್ಟಿಗೂ ನಡುವೆ ಇಳಿಜಾರಿನಲ್ಲಿ ಎಷ್ಟು ಬಿಂದಿಗೆ ಹೋಗುತ್ತದೆ ಎಂದು ನಾನು ಎಂದೂ ಎಣಿಸಿರಲಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಹದಿನಾರಂತೆ.

ಅವರ ಷರತ್ತುಗಳು ಹೀಗಿವೆ. ಹೆಣ್ಣು ಮೇಕೆ ಹದಿನೆಂಟು ಮೀರಬಾರದು. ಕೊಟ್ಟಿಗೆಯ ಬಾಗಿಲಿಗೆ ಪೈಪು ಬರಬೇಕು, ಮೇಕೆ ಬರುವುದು ಆಮೇಲೆ. ಹೋತಮರಿಗಳನ್ನು ಹೊಸತೊಡಕಿಗೋ ಬಕ್ರೀದಿಗೋ ಮಾರಿದ ದುಡ್ಡು ಅವರ ಕೈಗೇ ಬರಬೇಕು, ಅವರ ಹೆಸರಿನಲ್ಲೇ ಖಾತೆ. ವಾರಕ್ಕೊಂದು ದಿನ ಅವರು ಹಲಗೂರಿಗೋ ಮಗಳ ಮನೆಗೋ ಹೋಗುತ್ತಾರೆ. ಆ ದಿನ ನಾಲ್ಕೂವರೆಗೆ ಏಳುವವನು ನಾನು, ಆದ್ದರಿಂದ ಶನಿವಾರ ರಾತ್ರಿಯೇ ಬಂದಿರಬೇಕು. ಬಂಡೂರು ಕುರಿಯ ಮಾತೆತ್ತಿದಾಗ ಮಾತ್ರ ಅವರ ಮುಖ ಅರಳಿತು. ತವರಿನಲ್ಲಿ ಎರಡಿದ್ದವಂತೆ, ತಂದರೆ ಎರಡೇ ತರಬೇಕಂತೆ.

ಇದರ ಮೇಲೆ ಎರಡು ಸಣ್ಣ ಪ್ರಶ್ನೆಗಳು. ಬೋರಿನಿಂದ ಕೊಟ್ಟಿಗೆಗೆ ಸುಮಾರು ಇನ್ನೂರಡಿ ಏರು ಹಾದಿ ಇದೆ. ಪೈಪನ್ನು ನೆಲದ ಮೇಲೆ ಎಳೆದರೆ ಆನೆ ಬಂದ ರಾತ್ರಿ ಉಳಿಯುವುದೇ? ಈ ಕಡೆ ಕಬ್ಬಿಗೆ ಹೋಗುವ ಆನೆಗಳು ವರ್ಷಕ್ಕೊಂದೆರಡು ಸಲ ಅದೇ ದಾರಿಯಲ್ಲಿ ಇಳಿಯುತ್ತವೆ. ಮತ್ತು ಧನಗೂರಿನಲ್ಲಿ ಮರಿಗಳನ್ನು ಕೊಡುವ ಕಾಲ ಯಾವುದೆಂದು ತಿಳಿಯಲು ಯಾರನ್ನು ಕಾಣಬೇಕು?

ನಿವೃತ್ತ ಪರೀಕ್ಷಕ (ಮಂಡ್ಯ)

ಧನಗೂರಿಗೆ ಮುಂದಿನ ವಾರ ನಾನೇ ಜೊತೆಗೆ ಬರುತ್ತೇನೆ, ಮಳವಳ್ಳಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸಿಗಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆತನ್ನಿ, ಕುರಿ ಆರಿಸುವುದು ಅವರಿಗೆ ಗೊತ್ತಿರುತ್ತದೆ.

ದೊಡ್ಡಿಯ ಮಗಳು (ಮೈಸೂರು)

ಪೈಪನ್ನು ಎರಡಡಿ ಆಳಕ್ಕೆ ಹೂಳಿಸಿ, ಮೇಲೆ ಕಲ್ಲು ಜೋಡಿಸಿ. ಆನೆಗೆ ನೀರಿನ ವಾಸನೆ ಹತ್ತುವುದು ಸೋರುವ ಜಾಗದಲ್ಲಿ. ಕೊಳಾಯಿಯ ಬಾಯಿ ಬಿಗಿಯಾಗಿರಲಿ, ತೊಟ್ಟಿಯನ್ನು ರಾತ್ರಿ ತುಂಬಿಡಬೇಡಿ. ನಮ್ಮ ಮನೆಯಲ್ಲಿ ತೊಟ್ಟಿ ಎರಡು ಸಲ ಒಡೆದದ್ದು ಅದಕ್ಕೇ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.